ಸುಣ್ಣ ಹಾಕಿ ಮುಚ್ಚಿದ ಕೋಳಿಮನೆ

ಅಕ್ಟೋಬರ್ ಐದನೇ ತಾರೀಖಿನ ಹೊತ್ತಿಗೆ ನಮ್ಮ ರೇಷ್ಮೆಹುಳದ ಮನೆಯ ಸೂರಿನ ಕೆಳಗೆ ಹನ್ನೊಂದು ಕೋಳಿರೆಕ್ಕೆಗಳು ನೇತಾಡುತ್ತಿದ್ದವು. ಒಂದೊಂದರ ಬುಡಕ್ಕೂ ಬಿಳಿ ದಾರ, ದಾರಕ್ಕೆ ರಟ್ಟಿನ ಚೂರು, ರಟ್ಟಿನ ಮೇಲೆ ತಾರೀಖು. ಕಟ್ಟಿದವಳೂ ಬರೆದವಳೂ ನಾನೇ. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಸರಸರ ಎನ್ನುತ್ತಿದ್ದವು. ಆ ಸದ್ದು ಕೇಳಬಾರದೆಂದು ನಾನು ಹಿತ್ತಿಲಿಗೆ ಹೋಗುವಾಗ ಬಳಸು ದಾರಿ ಹಿಡಿಯುತ್ತಿದ್ದೆ.

ರೆಕ್ಕೆ ಕಟ್ಟುವುದು ಯಾಕೆಂದು ಹೇಳಬೇಕು. ತೆರಕಣಾಂಬಿ ಸುತ್ತಿನ ನಮ್ಮ ಊರಿನಲ್ಲಿ ಕೋಳಿಯನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಡುತ್ತಾರೆ. ಒಬ್ಬರ ಕೋಳಿಯನ್ನು ಇನ್ನೊಬ್ಬರು ಸಾಕುತ್ತಾರೆ. ಅದು ಮಾಡಿದ ಮರಿಗಳಲ್ಲಿ ಅರ್ಧ ಸಾಕಿದವರಿಗೆ, ಅರ್ಧ ಕೊಟ್ಟವರಿಗೆ. ತಾಯಿಕೋಳಿ ಮಾತ್ರ ಕೊಟ್ಟವರದೇ. ಹೋದ ಹಾಗೇ ವಾಪಸ್ಸು ಬರಬೇಕು. ನಡುವೆ ಸತ್ತರೆ ಯಾರೂ ಏನೂ ಕೇಳುವುದಿಲ್ಲ, ಆದರೆ ಒಂದು ರೆಕ್ಕೆ ತೆಗೆದು ಒಣಗಿಸಿ ಇಟ್ಟಿರಬೇಕು. ಮಾರಿಕೊಳ್ಳಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಸಾರು ಮಾಡಿ ತಿಂದು ರೆಕ್ಕೆ ಇಟ್ಟರೆ? ಅದಕ್ಕೆ ಸಾಕ್ಷಿಯಿಲ್ಲ. ಅಷ್ಟು ನಂಬಿಕೆ ಇದ್ದವರಿಗೇ ಕೊಡುತ್ತಾರೆ.

ಪಕ್ಕದ ಮನೆಯ ಚಿಕ್ಕವ್ವ ತನ್ನ ಬೂದುಕೋಳಿಯನ್ನು ನನಗೆ ಕೊಟ್ಟದ್ದು ಏಪ್ರಿಲ್ ಎರಡು, ಯುಗಾದಿ ಕಳೆದ ಮೂರನೇ ದಿನ. ಅವಳು ನಮಗೆ ನೆಂಟಳಲ್ಲ. ಅವ್ವನಿಗಿಂತ ಚಿಕ್ಕವಳಾದ್ದರಿಂದ ಚಿಕ್ಕವ್ವ. ಹೊಲವಿಲ್ಲ, ಹಸುವಿಲ್ಲ. ಗಂಡ ಹೆಂಡತಿ ಇಬ್ಬರೂ ಗುಂಡ್ಲುಪೇಟೆ ಮೇಲೆ ಕೇರಳದ ಶುಂಠಿ ಕೆಲಸಕ್ಕೆ ಹೊರಟಿದ್ದರು. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಕೋಳಿಯ ಸಂತಾನದಲ್ಲಿ ಉಳಿದಿದ್ದು ಈ ಬೂದುಕೋಳಿ ಒಂದೇ. ತಿರುಗಿ ಬಂದಾಗ ಅವಳ ಹಿತ್ತಿಲು ಮತ್ತೆ ತುಂಬಬೇಕಾಗಿದ್ದದ್ದು ಅದರಿಂದಲೇ.

ಕಾಲು ಕಟ್ಟಿದ ಕೋಳಿಯನ್ನು ನನ್ನ ಮಡಿಲಿಗೆ ಹಾಕಿ, "ಎಲ್ಲಾನೂವೆ ಬರ್ದಿಡ್ತೀಯಲ್ಲ, ಅದ್ಕೇ ನಿನ್ಗೆ ಕೊಡ್ತಾವ್ನಿ ಕಣಮ್ಮಿ. ನಿಮ್ಮವ್ವುಂಗ್ ಕೊಟ್ರೆ ಉಳ ನೋಡ್ಕಂಡು ಕೋಳಿ ಮರ್ತ್‌ಬುಡ್ತಾಳೆ" ಅಂದಳು.

"ನನ್ನೂವೆ ಯಾರಾದ್ರೂ ವಾರಕ್ಕೆ ಇಸ್ಕಂಡಾರ ಕೇಳು. ನಾಕ್ ದಿನ ಕೂತ್ಕಂಡು ತಿಂತೀನಿ" ಅಂದಳು ಅವ್ವ.

"ನಿನ್ನ ಇಸ್ಕಂಡೋರು ರೆಕ್ಕೆ ಎಲ್ಲಿಂದ ತಂದು ತೋರ್ಸಾರು?"

ಇಬ್ಬರೂ ನಕ್ಕರು. ಹೊರಡುವಾಗ ಚಿಕ್ಕವ್ವ ಕೋಳಿಯ ತಲೆ ಸವರಿ ನನಗೆ, "ಸತ್ರೆ ರೆಕ್ಕೆ ಮಡಗು, ಅಳಕ್ ಓಗ್ಬೇಡ" ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ, "ಅಂಗಂತ ಸಾಯಿಸ್ಬೇಡ" ಎಂದೂ ಸೇರಿಸಿದಳು.

ಬರೆದಿಡುವ ಅಭ್ಯಾಸ ನನಗೆ ಬಂದದ್ದು ರೇಷ್ಮೆಹುಳದಿಂದ. ನಮ್ಮದು ಹಿಪ್ಪುನೇರಳೆ ಹೊಲ. ಮನೆಯ ಹಿಂದೆ ಹುಳ ಸಾಕುವುದಕ್ಕೆಂದೇ ಒಂದು ಉದ್ದನೆಯ ಕೋಣೆ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆ ಎತ್ತಿ ಮಂಕಾಗಿ ಕೂರುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುತ್ತದೆ. ಅಪ್ಪ ಪ್ರತಿ ಜ್ವರದ ತಾರೀಖನ್ನೂ ಹುಳದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನನಗೆ ಅಕ್ಷರ ಬಂದ ಮೇಲೆ ಆ ಕೆಲಸ ನನ್ನದಾಯಿತು. ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದಾಗಲೂ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದಿಟ್ಟವಳು ನಾನು. ಓದು ಮುಗಿದು ಕೆಲಸ ಸಿಗದೆ ಮನೆಯಲ್ಲಿ ಕೂತ ಈ ವರ್ಷ, ನೋಟ್‌ಬುಕ್ಕಿನಲ್ಲಿ ತುಂಬಿಸುವುದಕ್ಕೆ ನನಗೆ ಕೋಳಿ ಸಿಕ್ಕಿತು.

ಮೇ ಆರಕ್ಕೆ ಬೂದುಕೋಳಿಯನ್ನು ಹನ್ನೆರಡು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದೆ. ಇಪ್ಪತ್ತೇಳಕ್ಕೆ ಹತ್ತು ಮರಿ. ಒಂದನ್ನು ಹದ್ದು ಎತ್ತಿಕೊಂಡು ಹೋಯಿತು, ಒಂದನ್ನು ಮುಂಗುಸಿ. ಉಳಿದದ್ದು ಎಂಟು. ನಮ್ಮವು ಹನ್ನೆರಡು, ಹುಂಜವೂ ಸೇರಿ. ಒಟ್ಟು ಇಪ್ಪತ್ತೊಂದು. ಸೆಪ್ಟೆಂಬರ್ ಹತ್ತೊಂಬತ್ತರವರೆಗೂ ನನ್ನ ಪುಸ್ತಕದಲ್ಲಿ ಇಪ್ಪತ್ತೊಂದು ಎಂದೇ ಇದೆ. ದಿನಾ ಸಂಜೆ ಎಣಿಸಿ ಅದೇ ಅಂಕಿಯನ್ನು ಬರೆಯುವುದರಲ್ಲಿ ಒಂದು ಸುಖವಿತ್ತು.

ಕೋಳಿಮನೆ ಎಂದರೆ ಹುಳದ ಮನೆಯ ಹಿಂಗೋಡೆಗೆ ಇಳಿಬಿಟ್ಟ ಶೀಟಿನ ಮಾಡು. ಒಂಬತ್ತು ಅಡಿ ಉದ್ದ, ಆರು ಅಡಿ ಅಗಲ. ಮಂಡಿಯೆತ್ತರದ ಮಣ್ಣುಗೋಡೆ, ಅದರ ಮೇಲೆ ಬಿದಿರು ದಬ್ಬೆ. ಸೆಪ್ಟೆಂಬರ್ ಮೊದಲ ವಾರದಿಂದ ಸಂಜೆ ಸಂಜೆ ಮಳೆ ಹಿಡಿಯಿತು. ಶೀಟಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ದಬ್ಬೆಯ ಸಂದಿಯಲ್ಲಿ ಒಳಕ್ಕೆ ಸಿಡಿಯುತ್ತಿತ್ತು. ಒಳಗಿನ ಕಡಲೆಕಾಯಿ ಸಿಪ್ಪೆಯ ಹಾಸು ಒದ್ದೆ, ಹೊರಗಿನ ಅಂಗಳ ಕೆಸರು. ಕೋಳಿಗಳು ಕೆಸರುಗಾಲಿನಲ್ಲಿ ಒಳಗೆ ಬಂದು ಅದನ್ನು ಇನ್ನಷ್ಟು ತುಳಿದು ಹಾಕುತ್ತಿದ್ದವು.

ಸೆಪ್ಟೆಂಬರ್ ಹನ್ನೆರಡಕ್ಕೆ ನಾನು ಕೋಳಿಮನೆಯನ್ನು ಸರಿಮಾಡಿದೆ. ಆ ದಿನದ ಪುಟ ನೀಟಾಗಿದೆ, ಅಡಿಗೆರೆ ಸಮೇತ. ದಬ್ಬೆಯ ಮೇಲೆ ಮೂರೂ ಕಡೆ ಟಾರ್ಪಾಲು. ಟಾರ್ಪಾಲು ಸಾಲದ ಕಡೆ ಗೊಬ್ಬರದ ಚೀಲ ಬಿಡಿಸಿ ಹೊಲಿದದ್ದು. ಒಳಗಡೆಯಿಂದ ಹುಳದ ಮನೆಯ ಹಳೆಯ ನೈಲಾನ್ ಪರದೆ. ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣ ತಡೆಯಲು ನಾವು ಕಟ್ಟುವಂಥದ್ದು. ಮಾಡಿಗೂ ಗೋಡೆಗೂ ನಡುವೆ ಒಂದು ಗೇಣು ಸಂದಿ ಇತ್ತು, ಅದಕ್ಕೆ ಹರಿದ ಸೀರೆ ತುರುಕಿದೆ. ಕೊನೆಗೆ ಒದ್ದೆ ಹಾಸಿನ ಮೇಲೆ ಎರಡು ಸೇರು ಸುಣ್ಣದ ಪುಡಿ.

ಸುಣ್ಣ ಯಾಕೆಂದು ನನ್ನನ್ನು ನಾನು ಕೇಳಿಕೊಳ್ಳಲೂ ಇಲ್ಲ. ಹುಳ ಜ್ವರಕ್ಕೆ ಕೂತಾಗ ಹಾಸಿಗೆ ಒಣಗಲೆಂದು ಸುಣ್ಣ ಉದುರಿಸುತ್ತೇವೆ. ಮಳೆ ಚಳಿಗೆ ಕಿಟಕಿ ಮುಚ್ಚಿ ಬೆಚ್ಚಗಿಡುತ್ತೇವೆ. ನೊಣ ಬಾರದ ಹಾಗೆ ಪರದೆ ಬಿಗಿಯುತ್ತೇವೆ. ಚಿಕ್ಕಂದಿನಿಂದ ನನ್ನ ಕೈಗೆ ಗೊತ್ತಿದ್ದ ಚೊಕ್ಕಟ ಅದೊಂದೇ. ರೇಷ್ಮೆ ಮನೆಯಲ್ಲಿ ಬೆಳೆದವಳು ಕೋಳಿಗೂ ಅದನ್ನೇ ಮಾಡಿದೆ.

ಅವ್ವ ಸೊಪ್ಪಿನ ಹೊರೆ ಇಳಿಸಿ ನೋಡಿ, "ಕೋಳಿಗ್ ಯಾಕಮ್ಮಿ ಸೊಳ್ಳೆ ಪರದೆ? ಮದ್ವೆ ಮಾಡ್ಸೀಯಾ?" ಅಂದಳು. ಅವಳ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ನಿಂತು ನೋಡುವ ಪುರುಸೊತ್ತು ಇರಲಿಲ್ಲ.

ಆ ಸಂಜೆ ಹತ್ತೊಂಬತ್ತು ಕೋಳಿ ಒಳಗೆ ಹೋದವು. ಬೂದುಕೋಳಿಯ ಮರಿಗಳಲ್ಲಿ ಇನ್ನೂ ಮೊಟ್ಟೆಗೆ ಬಾರದ ಎರಡು ಹ್ಯಾಟೆಗಳು ಮಾತ್ರ ಬಾಗಿಲ ತನಕ ಬಂದು, ಕತ್ತು ಓರೆ ಮಾಡಿ ಒಳಗೆ ನೋಡಿ, ಹಿಂತಿರುಗಿ ನುಗ್ಗೆಮರ ಹತ್ತಿದವು. ಕೋಲಿನಿಂದ ಇಳಿಸಿ ಮತ್ತೆ ಅಟ್ಟಿದೆ. ಮತ್ತೆ ಮರ. ಮೂರನೇ ಸಲಕ್ಕೆ ಸಾಕಾಗಿ ಪುಸ್ತಕದಲ್ಲಿ ಹೊಸ ಕಲಂ ಎಳೆದೆ: ಮಾತು ಕೇಳದವು, ಎರಡು. ಬೂದುಕೋಳಿಗೆ ಮಾತ್ರ ನಾನೇ ಜಾಗ ಗೊತ್ತುಮಾಡಿದೆ: ಎರಡು ಗೋಡೆ ಕೂಡುವ ಮೂಲೆ, ಒಂದು ಹನಿ ಸಿಡಿಯದ, ಒಂದು ಎಳೆ ಗಾಳಿ ಬಾರದ ಮೂಲೆ. ಅದು ಚಿಕ್ಕವ್ವನದಲ್ಲವೆ.

ಸೆಪ್ಟೆಂಬರ್ ಇಪ್ಪತ್ತು. ಬೆಳಗ್ಗೆ ಬಾಗಿಲು ತೆಗೆದರೆ ಮರಿಗಳಲ್ಲಿ ಒಂದು ಹೊರಗೆ ಬರಲಿಲ್ಲ. ಕಣ್ಣು ಮುಚ್ಚಿತ್ತು, ರೆಪ್ಪೆಯ ಸುತ್ತ ನೊರೆ. ಮಧ್ಯಾಹ್ನಕ್ಕೆ ಸತ್ತಿತು. ಉಳಿದವೂ ಕಣ್ಣನ್ನು ಹೆಗಲಿಗೆ ಉಜ್ಜಿಕೊಳ್ಳುತ್ತಿದ್ದವು, ಕೆಲವು ಬಾಯಿ ತೆರೆದು ಉಸಿರಾಡುತ್ತಿದ್ದವು. ನಾನು ಕೊಕ್ಕರೆ ರೋಗ ಎಂದುಕೊಂಡೆ; ಕೋಳಿ ಸತ್ತರೆ ಊರೆಲ್ಲ ಹೇಳುವ ಹೆಸರು ಅದೊಂದೇ. ರೋಗವೆಂದರೆ ಇನ್ನೂ ಚೊಕ್ಕಟ ಮಾಡಬೇಕು. ಸುಣ್ಣ ಹಾಕಿದ ತಾರೀಖುಗಳು ಹೀಗಿವೆ: ಹನ್ನೆರಡು, ಹದಿನಾರು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತೈದು. ಆಮೇಲೆ ದಿನಾ.

ಸಾವಿನ ತಾರೀಖು ಅದರ ಪಕ್ಕದ ಕಲಂನಲ್ಲೇ ಇದೆ. ಇಪ್ಪತ್ತೆರಡಕ್ಕೆ ಒಂದು. ಇಪ್ಪತ್ತನಾಲ್ಕಕ್ಕೆ ಎರಡು. ಇಪ್ಪತ್ತೇಳಕ್ಕೆ ಒಂದು. ಒಂದೊಂದರ ರೆಕ್ಕೆಯನ್ನೂ ಕುಡುಗೋಲಿನಿಂದ ತೆಗೆದು, ಬೂದಿಯಲ್ಲಿ ಹೊರಳಿಸಿ, ದಾರ ಕಟ್ಟಿದೆ. ಉಳಿದದ್ದನ್ನು ತಿಪ್ಪೆಯಾಚೆ ಆಳವಾಗಿ ಗುಂಡಿ ತೋಡಿ ಹೂತೆ. ನಮ್ಮ ಸ್ವಂತ ಕೋಳಿಯ ರೆಕ್ಕೆ ಯಾರಿಗೂ ತೋರಿಸಬೇಕಾಗಿರಲಿಲ್ಲ. ಲೆಕ್ಕ ಸರಿಹೋಗಲೆಂದು ಅವನ್ನೂ ಕಟ್ಟಿದೆ.

ಪ್ರತಿ ಭಾನುವಾರ ಮಧ್ಯಾಹ್ನ ಚಿಕ್ಕವ್ವ ಫೋನ್ ಮಾಡುತ್ತಿದ್ದಳು. ಇಪ್ಪತ್ತೊಂದರ ಭಾನುವಾರ ಕೇಳಿದಳು: "ಬೂದಿ ಎಂಗವ್ಳೆ?"

"ಚೆನ್ನಾಗದೆ ಚಿಕ್ಕವ್ವ."

"ಮಕ್ಳು?"

"ಎಲ್ಲಾ ಚೆನ್ನಾಗವೆ."

ಫೋನಿಟ್ಟ ಮೇಲೆ ಪುಸ್ತಕದ ಅಂಚಿನಲ್ಲಿ 'ಸುಳ್ಳು: ಒಂದು' ಎಂದು ಬರೆದೆ. ಯಾಕೆ ಬರೆದೆನೋ. ಬರೆದರೆ ಒಂದು ದಿನ ತೀರಿಸಬಹುದು ಎಂದಿರಬೇಕು. ಇಪ್ಪತ್ತೆಂಟರ ಭಾನುವಾರ ಅದು ಎರಡಾಯಿತು.

ಇಪ್ಪತ್ತೊಂಬತ್ತಕ್ಕೆ ಮತ್ತೆರಡು ಸತ್ತಾಗ, ಕಣ್ಣು ಊದಿದ ಒಂದು ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಶು ಆಸ್ಪತ್ರೆಗೆ ಹೋದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬುಟ್ಟಿ ಎತ್ತಿ ನೋಡಿ, "ಸಾಯೋ ಕೋಳಿಗ್ ಟಿಕೀಟ್ ಯಾಕ್ ತಗಂಡೆ?" ಅಂದಳು. ಡಾಕ್ಟರು ಕೋಳಿಯ ಬಾಯಿ ತೆರೆದು ನೋಡಿದರು, ಹಿಕ್ಕೆ ಯಾವ ಬಣ್ಣ, ಕತ್ತು ತಿರುಚುತ್ತದೆಯೇ ಎಂದು ಕೇಳಿದರು. ಹಸಿರು ಹಿಕ್ಕೆಯಿಲ್ಲ, ಕತ್ತು ನೆಟ್ಟಗಿದೆ ಅಂದೆ. "ಹಾಗಾದರೆ ಕೊಕ್ಕರೆ ರೋಗದ ಹಾಗೆ ಕಾಣುವುದಿಲ್ಲ. ಗೂಡು ಹೇಗಿಟ್ಟಿದ್ದೀರಮ್ಮ?"

ನನಗೆ ಹೆಮ್ಮೆಯಾಯಿತು. "ಬಹಳ ಚೊಕ್ಕಟ ಸಾರ್. ಒಂದು ನೊಣ ಬರಕ್ಕೂ ಸಂದಿಯಿಲ್ಲ."

"ನೊಣ ಬರದಿದ್ದರೆ ಗಾಳಿ ಎಲ್ಲಿಂದ ಬರುತ್ತೆ?" ಅಂದರು. ಕಣ್ಣಿಗೆ ಹಾಕಲು ಔಷಧಿ ಕೊಟ್ಟು, ಹೋಗಿ ಮೊದಲು ಗೂಡು ನೋಡಿ ಎಂದರು. ಬಸ್ಸಿನಲ್ಲಿ ಕೂತು ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಓದಿಕೊಳ್ಳಲಿಲ್ಲ. ಮನೆಗೆ ಬಂದು ಗೂಡು ನೋಡಿದೆ, ಒದ್ದೆಯಾಗಿ ಕಂಡಿತು, ಸುಣ್ಣ ಹಾಕಿದೆ. ಹುಳದ ಮನೆಯಲ್ಲಿ ಸುಣ್ಣ ಉದುರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟುವುದು ರೂಢಿ. ಕೋಳಿಮನೆಗೂ ದಿನಾ ಬಟ್ಟೆ ಕಟ್ಟಿಕೊಂಡೇ, ಬಾಗಿಲು ಪೂರ್ತಿ ತೆರೆದು, ಹೊರಗೆ ನಿಂತು ಬಗ್ಗುತ್ತಿದ್ದೆ.

ಅಕ್ಟೋಬರ್ ಒಂದಕ್ಕೆ ಒಂದು. ಮೂರಕ್ಕೆ ಎರಡು. ಊಟ ಸೇರುತ್ತಿರಲಿಲ್ಲ. ಬೆಳಗ್ಗೆ ಬಾಗಿಲ ಅಗಳಿ ತೆಗೆಯುವ ಮುಂಚೆ ಒಳಗಿನ ಸದ್ದು ಕೇಳಿ ಎಷ್ಟು ಉಳಿದಿವೆ ಎಂದು ಊಹಿಸುತ್ತ ನಿಲ್ಲುತ್ತಿದ್ದೆ. ಬೂದುಕೋಳಿಯ ಬಲಗಣ್ಣಿನ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ ಬಂದಿತ್ತು. ನಾನು ಎಡಗಡೆಯಿಂದ ಹೋದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು.

ಐದನೇ ತಾರೀಖು, ಭಾನುವಾರ, ಬೂದುಕೋಳಿಯ ಆರನೇ ಮರಿ ಸತ್ತಿತು. ಒಳಗೆ ಮಲಗುತ್ತಿದ್ದ ಮರಿಗಳಲ್ಲಿ ಅದೇ ಕೊನೆಯದು. ಅದೇ ಮಧ್ಯಾಹ್ನ ಫೋನ್ ಬಂತು. ಮೂರನೇ ಸುಳ್ಳು. ಅದನ್ನು ಬರೆದು, ಇನ್ನೇನು ಮಾಡಬೇಕೆಂದು ತೋಚದೆ, ಎಲ್ಲ ಕಲಂಗಳನ್ನೂ ಕೂಡುತ್ತ ಕೂತೆ. ಕೂಡುವುದೊಂದೇ ನನಗೆ ಬರುತ್ತಿದ್ದ ಕೆಲಸ. ಸತ್ತದ್ದು ಹನ್ನೊಂದು: ಬೂದುಕೋಳಿಯ ಮರಿಗಳು ಆರು, ನಮ್ಮವು ಐದು. ಕಣ್ಣು ಕೆಟ್ಟವು ಎಂಟು, ಅಂದರೆ ಒಳಗೆ ಉಳಿದವೆಲ್ಲ. ಹಾಗೇ ಪುಟದ ತುದಿಗೆ ಹೋದೆ. ಮಾತು ಕೇಳದವು, ಎರಡು. ಇಪ್ಪತ್ತಮೂರು ದಿನದಿಂದ ಎರಡು. ಮಳೆಯಲ್ಲಿ ನೆನೆದು, ಗಾಳಿಯಲ್ಲಿ ತೂಗಿ, ಒಂದು ಚಿಟಿಕೆ ಸುಣ್ಣ ಕಾಣದೆ ನುಗ್ಗೆಮರದಲ್ಲಿ ಮಲಗಿದ್ದವು. ಸತ್ತದ್ದು ಸೊನ್ನೆ. ಕಣ್ಣು ಕೆಟ್ಟದ್ದು ಸೊನ್ನೆ. ಹಿತ್ತಿಲಿಗೆ ಹೋಗಿ ನೋಡಿದೆ. ಎರಡೂ ತಿಪ್ಪೆ ಕೆದರುತ್ತಿದ್ದವು. ಕಣ್ಣು ಮೆಣಸಿನ ಕಾಳಿನ ಹಾಗೆ ಹೊಳೆಯುತ್ತಿತ್ತು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ, ಕೋಳಿ ಬಿಡುವ ಮೊದಲೇ, ಮುಖಕ್ಕೆ ಬಟ್ಟೆ ಕಟ್ಟದೆ ಒಳಗೆ ತೆವಳಿದೆ. ಬಾಗಿಲೆಳೆದುಕೊಂಡು ಬೂದುಕೋಳಿಯ ಮೂಲೆಯಲ್ಲಿ, ಅದರ ತಲೆಯ ಎತ್ತರಕ್ಕೆ ನನ್ನ ತಲೆ ಇಟ್ಟು ಕೂತೆ. ನೂರರವರೆಗೆ ಎಣಿಸುವುದೆಂದು ಅಂದುಕೊಂಡಿದ್ದೆ. ಇಪ್ಪತ್ತಕ್ಕೆ ಕಣ್ಣು ಉರಿಯಿತು. ನಲವತ್ತಕ್ಕೆ ಗಂಟಲು ಹಿಡಿಯಿತು. ಉಚ್ಚೆಯ ಗಾಟಿನಂಥ ಒಂದು ಗಾಟು, ಮೂಗಿನಿಂದ ನೆತ್ತಿಗೆ ಹೋಗುವಂಥದ್ದು. ಅರವತ್ತೆಂಟಕ್ಕೆ ಬಾಗಿಲು ಒದ್ದು ಹೊರಗೆ ಬಂದು ಕೆಸರಿನಲ್ಲಿ ಬಿದ್ದುಕೊಂಡೆ. ಅಲ್ಲಿ ಅವು ರಾತ್ರಿಯಿಡೀ ಕೂರುತ್ತಿದ್ದವು. ಅದೂ ಇಪ್ಪತ್ತನಾಲ್ಕು ರಾತ್ರಿ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದಷ್ಟೂ ಆ ಗಾಟು ಜೋರಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಕೋಳಿಗಳು ಸತ್ತಷ್ಟೂ ನಾನು ಸುಣ್ಣ ಹಾಕಿದ್ದೆ. ಸುಣ್ಣ ಹಾಕಿದಷ್ಟೂ ಅವು ಸತ್ತಿದ್ದವು. ತಾರೀಖುಗಳು ಅಕ್ಕಪಕ್ಕದಲ್ಲೇ ಇದ್ದವು.

ಅವ್ವ ಹಲ್ಲುಜ್ಜುತ್ತ ಬಂದವಳು ನನ್ನನ್ನು ನೋಡಿ, "ಏನಮ್ಮಿ ಆಯ್ತು? ಆವ್ ಕಚ್ತಾ?" ಎಂದು ಓಡಿ ಬಂದಳು.

"ನಾನೇ ಸಾಯಿಸ್ದೆ ಅವ್ವ" ಅಂದೆ.

ಆ ದಿನ ಅಪ್ಪ ಸೊಪ್ಪಿಗೆ ಹೋಗಲಿಲ್ಲ. ಟಾರ್ಪಾಲು, ಚೀಲ, ಪರದೆ, ಸೀರೆ ಎಲ್ಲವನ್ನೂ ಕಿತ್ತೆವು. ಮಾಡಿನ ಕೆಳಗಿನ ಗೇಣು ಸಂದಿಯನ್ನು ಸುತ್ತಲೂ ತೆರೆದೆವು. ಹಾಸನ್ನು ನೆಲ ಕಾಣುವ ತನಕ ಹೆರೆದು ಹೊರಗೆ ಹಾಕಿದೆ. ಹದಿಮೂರು ಮಂಕರಿ ಆಯಿತು. ಎರಡು ದಿನ ನೆಲವನ್ನು ಬಿಸಿಲಿಗೆ ಬಿಟ್ಟು, ನಾಲ್ಕು ಬೆರಳು ಎತ್ತರ ಒಣ ಮಣ್ಣು ಬಡಿದು, ಮೇಲೆ ಒಣ ಸಿಪ್ಪೆ ಹರಡಿದೆ. ನೀರು ಸಿಡಿಯದಿರಲು ಗೋಡೆ ಮುಚ್ಚಬೇಕಿರಲಿಲ್ಲ, ಶೀಟನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿದ್ದರೆ ಸಾಕಿತ್ತು. ಅಪ್ಪ ಹಳೆಯ ಶೀಟಿನ ತುಂಡು ಹೊಡೆದು ಅದನ್ನು ಅರ್ಧ ಗಂಟೆಯಲ್ಲಿ ಮಾಡಿದರು. ಅರ್ಧ ಗಂಟೆ. ಅದನ್ನೂ ಬರೆದಿದ್ದೇನೆ. ಶೀಟಿನಡಿಯ ಒಣ ಜಾಗದಲ್ಲಿ ಬೂದಿ ಮತ್ತು ಮಣ್ಣು ಬೆರೆಸಿ ಹೊರಳಾಡುವ ಗುಂಡಿ ಮಾಡಿದೆ. ನಮ್ಮ ಏಳು ಕೋಳಿಗಳ ಕಣ್ಣು ವಾರದೊಳಗೆ ತಿಳಿಯಾಗುತ್ತ ಬಂತು. ಹುಂಜ ಮತ್ತೆ ಕೂಗಿತು.

ಬೂದುಕೋಳಿಯ ಎರಡನೇ ಕಣ್ಣಿಗೂ ಪೊರೆ ಬಂತು. ಅತಿ ಚೊಕ್ಕಟ ಮೂಲೆ ಅದರದಾಗಿತ್ತಲ್ಲ. ಮೇವು ಕಾಣದು, ನೀರು ಕಾಣದು. ಏಳನೇ ತಾರೀಖಿನಿಂದ ಅದು ನೆಲಕ್ಕೆ ಕೊಕ್ಕು ಊರಿ ಕೂತುಬಿಟ್ಟಿತು. ಕಾಯಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸುತ್ತಿದ್ದೆ, ಎರಡು ಗಂಟೆಗೊಮ್ಮೆ ಕೊಕ್ಕು ತೆರೆದು ಚಮಚದಲ್ಲಿ ನೀರು ಬಿಡುತ್ತಿದ್ದೆ.

ಎಂಟನೇ ತಾರೀಖಿನ ಬೆಳಗಿನ ಒಂದು ಸಾಲು ನನ್ನ ಪುಸ್ತಕದಲ್ಲಿದೆ: 'ನೀರು ತಡವಾಗಿ ಕೊಟ್ಟೆ, ಒಂದು ಗಂಟೆ ಹತ್ತು ನಿಮಿಷ.' ಮರೆತು ತಡವಾದದ್ದಲ್ಲ. ಲೋಟ ಕೈಯಲ್ಲೇ ಇತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ್ದೆ: ಇದು ಸತ್ತರೆ ಹನ್ನೆರಡನೇ ರೆಕ್ಕೆ. ಸೂರಿಗೆ ಕಟ್ಟಿದರೆ ಮುಗಿಯಿತು. ರೋಗ ಬಂತು ಚಿಕ್ಕವ್ವ ಎನ್ನಬಹುದು, ಊರೆಲ್ಲ ಹೌದೆನ್ನುತ್ತದೆ, ಅವಳೂ ಒಪ್ಪುತ್ತಾಳೆ. ಕುರುಡಾಗಿ ಬದುಕಿದರೆ ಮಾತ್ರ ಯಾಕೆ ಕುರುಡಾಯಿತೆಂದು ಹೇಳಬೇಕು. ಸತ್ತದ್ದಕ್ಕೆ ರೆಕ್ಕೆಯ ಸಾಕ್ಷಿ ನಡೆಯುತ್ತದೆ. ಇದಕ್ಕೆ ಯಾವ ಸಾಕ್ಷಿ? ಅಷ್ಟು ಹೊತ್ತು ಕೂತಿದ್ದೆ. ಆಮೇಲೆ ಕೋಳಿ ಬಾಯಿ ತೆರೆದು ಒಣ ನಾಲಿಗೆ ಆಡಿಸಿತು. ನೀರು ಬಿಟ್ಟೆ. ಅರ್ಧ ಚೆಲ್ಲಿತು.

ಹನ್ನೆರಡರ ಭಾನುವಾರ ಚಿಕ್ಕವ್ವ, "ಕಳೆ ಕೆಲ್ಸ ಮುಗೀತು ಕಣಮ್ಮಿ, ಮುಂದಿನ್ ವಾರ ಹಬ್ಬಕ್ಕೆ ಬಂದ್‌ಬುಡ್ತೀವಿ. ಮತ್ತೆ ಓಗಕಿಲ್ಲ. ಬೂದಿಗೆ ಏಳು" ಅಂದಳು. ಹೇಳುತ್ತೇನೆ ಅಂದೆ. ನಾಲ್ಕನೇ ಸುಳ್ಳು ಎಂದು ಬರೆಯಲು ಹೋಗಿ, ಕೋಳಿಯ ಹತ್ತಿರ ಹೋಗಿ ನಿಜವಾಗಿಯೂ ಹೇಳಿದೆ. ಆದರೂ ಬರೆದೆ, ಯಾಕೆಂದರೆ ಚಿಕ್ಕವ್ವನಿಗೆ ಕಣ್ಣಿನ ವಿಷಯ ಹೇಳಿರಲಿಲ್ಲ.

ಉಳಿದ ಏಳು ದಿನ ಬೂದುಕೋಳಿಗೆ ತಿನ್ನುವುದನ್ನು ಕಲಿಸಿದೆ. ಒಂದೇ ಅಲ್ಯುಮಿನಿಯಂ ಬಟ್ಟಲು, ಒಂದೇ ಜಾಗ: ಬಟ್ಟೆ ಒಗೆಯುವ ಕಲ್ಲಿನ ಬಲಕ್ಕೆ. ಬಟ್ಟಲಿಗೆ ಉಗುರಿನಿಂದ ಮೂರು ಸಲ ಬಡಿಯುವುದು, ರಾಗಿ ಸದ್ದಾಗುವ ಹಾಗೆ ಹಾಕುವುದು. ಹದಿನಾಲ್ಕಕ್ಕೆ ಮೂರು ಹೆಜ್ಜೆ ಬಂತು. ಹದಿನಾರಕ್ಕೆ ಒಂಬತ್ತು. ಹದಿನೆಂಟಕ್ಕೆ ಕೋಳಿಮನೆಯ ಬಾಗಿಲಿನಿಂದ ಹೊರಟು, ಒಗೆಯುವ ಕಲ್ಲಿಗೆ ಎದೆ ತಾಗಿಸಿ ನಿಂತು, ಅಲ್ಲಿಂದ ಬಲಕ್ಕೆ ತಿರುಗಿ ಬಟ್ಟಲಿಗೆ ಬಂತು. ಕಲ್ಲು ತಾಗಿದರೆ ಅದಕ್ಕೆ ದಾರಿ ತಿಳಿಯುತ್ತಿತ್ತು.

ಹತ್ತೊಂಬತ್ತಕ್ಕೆ ಚಿಕ್ಕವ್ವ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ಹಿತ್ತಿಲ ಬಾಗಿಲಲ್ಲೇ ನಿಂತು ಸೂರು ನೋಡಿದಳು. ತುಟಿ ಅಲುಗಿಸಿ ಎಣಿಸಿದಳು.

"ಇಷ್ಟೊಂದಾ?" ಅಂದಳು. "ರೋಗ ಬಂದಿತ್ತಾ?"

ಅವ್ವ ನನ್ನ ಮುಖ ನೋಡಿದಳು. ಒಂದು ಹೂಂ ಸಾಕಿತ್ತು. ನಾನು ಒಳಗೆ ಹೋಗಿ ಪುಸ್ತಕ ತಂದು, ಅವಳನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಸೆಪ್ಟೆಂಬರ್ ಹನ್ನೆರಡರಿಂದ ಓದಿದೆ. ಚಿಕ್ಕವ್ವನಿಗೆ ಓದು ಬರಹ ಬಾರದು. ಯಾವ ಸಾಲು ಬಿಟ್ಟರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಟಾರ್ಪಾಲು, ಪರದೆ, ಸುಣ್ಣ ಎನ್ನುವಾಗ, "ಉಳದ್ ಮನೆ ಮಾಡ್‌ಬುಟ್ಯಾ? ಕೋಳಿ ಗೂಡು ಕಟ್ತವೆ ಅಂತ ಕಾಯ್ಕಂಡಿದ್ಯಾ?" ಅಂದಳು. ಸುಳ್ಳಿನ ಕಲಂ ಬಂದಾಗ, "ಅಯ್ಯೋ ನಿನ್ನ, ಸುಳ್ಳುಗೂ ಲೆಕ್ಕ ಮಡಗಿದ್ದೀಯಲ್ಲಮ್ಮಿ!" ಎಂದು ನಕ್ಕೇಬಿಟ್ಟಳು. ಅವ್ವನೂ ನಕ್ಕಳು. ನಾನು ಪುಟ ತಿರುಗಿಸಿದೆ. ಅಕ್ಟೋಬರ್ ಎಂಟು. ಓದಿದೆ. ಯಾಕೆ ತಡವಾಯಿತೆಂದು ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಬಾಯಲ್ಲಿ ಹೇಳಿದೆ.

ಚಿಕ್ಕವ್ವ ನಗಲಿಲ್ಲ. ಎದ್ದು ಹೋಗಿ ಬೂದುಕೋಳಿಯನ್ನು ಎತ್ತಿಕೊಂಡಳು, ಕಣ್ಣ ಮುಂದೆ ಬೆರಳು ಆಡಿಸಿದಳು, ಎರಡೂ ಕಡೆ. ಎದ್ದ ಎದೆಮೂಳೆ ಸವರಿದಳು. ಆಮೇಲೆ ನನ್ನ ಕಡೆ ನೋಡದೆ, "ತಿಂತದಾ?" ಅಂದಳು.

ಬಟ್ಟಲು ತಂದು ಬಡಿದೆ. ಅವಳು ಕೋಳಿಯನ್ನು ಕೆಳಗೆ ಬಿಟ್ಟಳು. ಅದು ಕಲ್ಲು ಹುಡುಕಿ, ಎದೆ ತಾಗಿಸಿ, ಬಲಕ್ಕೆ ತಿರುಗಿ ಬಂದು ತಿಂದಿತು.

"ದಿನಾ ಇಂಗ್ ಬಡೀಬೇಕಾ?"

"ಮೂರೊತ್ತೂ ಬಡೀಬೇಕು ಚಿಕ್ಕವ್ವ."

"ನಾನ್ ಕೂಲಿಗ್ ಓಗಳು. ಮೂರೊತ್ತು ಯಾರಮ್ಮಿ ಬಡೀತಾರೆ?" ಸೆರಗಿನಿಂದ ಮೂಗೊರೆಸಿಕೊಂಡಳು. "ಇದು ನಿನ್ಗೇ ಇರ್ಲಿ. ನಮ್ಮವ್ವುನ್ ಕಡೇದು ಇದು. ಸತ್ರೂವೆ ನನ್ಗೆ ರೆಕ್ಕೆ ತಂದು ತೋರಿಸ್ಬೇಡ, ನಾನ್ ನೋಡಕಿಲ್ಲ. ಮರದ್ ಮ್ಯಾಲಿನ್ ಎರಡೂ ನಾನ್ ತಗತೀನಿ."

ವಾರದ ಲೆಕ್ಕದಲ್ಲಿ ಆ ಎರಡರಲ್ಲಿ ಒಂದು ನನ್ನದು. ಎರಡನ್ನೂ ಅವಳಿಗೇ ಬಿಟ್ಟೆ. ಹ್ಯಾಟೆಗಳನ್ನು ಹಿಡಿಯಲು ಚಿಕ್ಕವ್ವ ನುಗ್ಗೆಮರದ ಕೆಳಗೆ ಒಂದು ಗಂಟೆ ಕೋಲು ಬೀಸಿದಳು. ಹಿಡಿದು ಎರಡು ಕಂಕುಳಿಗೂ ಒಂದೊಂದು ಸಿಕ್ಕಿಸಿಕೊಂಡು, ನನ್ನ ಹತ್ತಿರ ಹೇಳದೆ ಹೋದಳು. ಚಿಪ್ಸಿನ ಪೊಟ್ಟಣ ಕಲ್ಲಿನ ಮೇಲೇ ಉಳಿಯಿತು. ಆ ರಾತ್ರಿ ರೆಕ್ಕೆಗಳನ್ನು ಬಿಚ್ಚಿ ಹೂಳೋಣವೆಂದು ಅಪ್ಪ ಹೇಳಿದರು. ಬೇಡ ಅಂದೆ.

ಮಾರನೆಯ ಸಂಜೆ ಎರಡೂ ಹ್ಯಾಟೆಗಳು ಗೋಡೆ ಹಾರಿ ಬಂದು ನಮ್ಮ ನುಗ್ಗೆಮರವನ್ನೇ ಹತ್ತಿದವು. ಗೋಡೆಯಾಚೆಯಿಂದ ಚಿಕ್ಕವ್ವನ ದನಿ: "ನಿನ್ನ ಮಾತೇ ಕೇಳ್ನಿಲ್ಲ, ನನ್ನ ಮಾತ್ ಕೇಳ್ತವಾ ಇವು ಮುಂಡೇವು!" ಸಿಟ್ಟು ನನ್ನ ಮೇಲೋ ಕೋಳಿಗಳ ಮೇಲೋ ತಿಳಿಯಲಿಲ್ಲ. ಅಂದಿನಿಂದ ಅವಳು ದಿನಾ ಬೆಳಗ್ಗೆ ಅವನ್ನು ಅಟ್ಟಿಕೊಂಡು ಹೋಗಲು ನಮ್ಮ ಹಿತ್ತಿಲಿಗೆ ಬರುತ್ತಾಳೆ. ಬೂದುಕೋಳಿಯ ಕಡೆ ಒಂದು ಸಲ ನೋಡುತ್ತಾಳೆ. ನನ್ನ ಹತ್ತಿರ ಮಾತು ಎಂದರೆ "ಬಡಿದ್ಯಾ?" ಎನ್ನುವುದಷ್ಟೇ. ಬಡಿದೆ ಎನ್ನುತ್ತೇನೆ.

ಹಬ್ಬ ಕಳೆದ ಮೇಲೆ ಮತ್ತೆ ಎರಡು ದಿನ ಜೋರು ಮಳೆ. ಚಾಚಿದ ಶೀಟಿನ ನೀರು ಈಗ ಒಗೆಯುವ ಕಲ್ಲಿನ ಬುಡದಲ್ಲಿ ಬಿದ್ದು ನಿಲ್ಲತೊಡಗಿತು. ನೆಲ ಒಣಗಿರಬೇಕಾದರೆ ಚರಂಡಿ ನೇರ ಅಲ್ಲೇ ಹೋಗಬೇಕು. ಅಪ್ಪ ಹಾರೆ ತಂದು, "ಕಲ್ಲೊಂದ್ ಎರಡಡಿ ಅತ್ಲಾಗ್ ಉಳ್ಳಿಸ್‌ಬುಡನ" ಅಂದರು. ಹಾರೆ ಕಲ್ಲಿನ ಕೆಳಗೆ ಹೋಗಿಯೂ ಇತ್ತು. ಬೂದುಕೋಳಿ ಆಚೆ ಕಡೆ, ಅದೇ ಕಲ್ಲಿಗೆ ಒರಗಿ ಬಿಸಿಲು ಕಾಯುತ್ತ ಕೂತಿತ್ತು.

ಹಾರೆ ತೆಗೆಸಿದೆ. ಚರಂಡಿಯನ್ನು ಕಲ್ಲಿನ ಸುತ್ತ ಬಳಸಿ ತೋಡಿದೆವು. ಏಳು ಅಡಿಯಲ್ಲಿ ಮುಗಿಯಬೇಕಾದದ್ದು ಹನ್ನೆರಡು ಅಡಿ ಆಯಿತು.